ರಾಯಪ್ಪನವರ ಗೋಡೆ ಒಮಾನಿಗೆ ಬಂದದ್ದು

ಬಸವಕುಮಾರ ಕೋರ್ಟಿನಲ್ಲಿ ಕೆಲಸ ಮಾಡುತ್ತಾನೆ ಎಂಬುದು ಸುಳ್ಳಲ್ಲ. ಆದರೆ ಅದನ್ನು ನಿಜವೆಂದು ಹೇಳಲು ಅವನ ಹೆಂಡತಿ ಪ್ರತಿಮಾ ಯಾವತ್ತೂ ಒಪ್ಪಿರಲಿಲ್ಲ.

ಒಮಾನಿನಲ್ಲಿ ಸೀಬಿನಿಂದ ರುಸ್ತಾಕಿನ ತನಕ ಐದಾರು ಕಡೆ ಕೋರ್ಟಿನ ಗುಮಾಸ್ತರ ಚಿಕ್ಕಪುಟ್ಟ ಕಚೇರಿಗಳಿದ್ದವು. ಅರ್ಜಿ ತೆಗೆದುಕೊಳ್ಳುವುದು, ತಾರೀಖು ಕೊಡುವುದು, ಫೈಲು ಕಾಯುವುದು ಇವುಗಳ ಕೆಲಸ. ಒಂದು ಕಚೇರಿಯಲ್ಲಿ ಫೈಲಿಗೆ ಹಸಿರು ರಟ್ಟು, ಇನ್ನೊಂದರಲ್ಲಿ ಕೆಂಪು ದಾರ, ಮತ್ತೊಂದರಲ್ಲಿ ರಟ್ಟೂ ಇಲ್ಲ ದಾರವೂ ಇಲ್ಲ, ಎಲ್ಲವೂ ಒಬ್ಬ ಹಿರಿಯ ಗುಮಾಸ್ತನ ನೆನಪಿನಲ್ಲಿ. ಇವನ್ನೆಲ್ಲ ಒಟ್ಟುಗೂಡಿಸಿ ಸರಕಾರವೇ ನಡೆಸುವ ಒಂದೇ ವ್ಯವಸ್ಥೆಗೆ ತರಬೇಕೆಂದು ತೀರ್ಮಾನವಾಗಿ, ಅದಕ್ಕಾಗಿ ಸೀಬಿನಲ್ಲಿ ಗಾಜಿನ ಹೊಸ ಕಟ್ಟಡ ಎದ್ದಿತು. ಹಳೆಯ ಕಚೇರಿಗಳ ಫೈಲುಗಳಿಗೆಲ್ಲ ನಂಬರಿನ ಸ್ಟಿಕರ್ ಅಂಟಿಸಿ, ಪೆಟ್ಟಿಗೆಗೆ ತುಂಬಿ, ಲಾರಿಯಲ್ಲಿ ಹೊಸ ಕಟ್ಟಡಕ್ಕೆ ಮುಟ್ಟಿಸುವ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಸಿಕ್ಕಿತು. ಆ ಕಂಪನಿಯಲ್ಲಿ ಸ್ಟಿಕರ್ ವಿಭಾಗದ ಸೂಪರ್‌ವೈಸರ್ ಬಸವಕುಮಾರ. ವಿಭಾಗದಲ್ಲಿ ಅವನನ್ನು ಸೇರಿಸಿ ಮೂವರಿದ್ದರು.

ಅವನು ಮಾಡಿದ ತಪ್ಪು ಚಿಕ್ಕದು. ಹೊಸ ಕಟ್ಟಡದ ಬಾಗಿಲಲ್ಲಿ ದೊಡ್ಡದಾಗಿ ಕೊರೆದಿದ್ದ ತಕ್ಕಡಿಯ ಪಕ್ಕ ನಿಂತು, ಕೊರಳಿನ ಐಡಿ ಕಾರ್ಡು ಕಾಣುವಂತೆ ಎದೆಯುಬ್ಬಿಸಿ ಒಂದು ಫೋಟೊ ತೆಗೆಸಿಕೊಂಡ. ‘ನ್ಯಾಯದ ಸೇವೆಯಲ್ಲಿ’ ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಹನ್ನೊಂದು ನಿಮಿಷದಲ್ಲಿ ಮಾವನ ಫೋನು ಬಂತು.

ಮಾವ ರಾಯಪ್ಪನವರು ಬಾಗಲಕೋಟೆ ಕಡೆಯವರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುವ ಗುಮಾಸ್ತರಾಗಿ ನಿವೃತ್ತರಾದವರು. ಅವರ ಹಿರಿಯ ಅಳಿಯ ತಹಶೀಲ್ದಾರ್ ಕಚೇರಿಯಲ್ಲಿದ್ದ. ಮನೆಯಲ್ಲಿ ಯಾವ ಹಬ್ಬವಾದರೂ ಹೋಳಿಗೆಯ ಮೊದಲು ಆ ಅಳಿಯನ ಗುಣಗಾನ ಬಡಿಸುತ್ತಿದ್ದರು. ಕಿರಿಯ ಅಳಿಯನಿಗೆ ಅವರು ತಾವಾಗಿ ಫೋನು ಮಾಡಿದ್ದು ಇದೇ ಮೊದಲು. ಕೋರ್ಟಿನಲ್ಲಿ ಏನು ಹುದ್ದೆ ಎಂದು ಕೇಳಿದರು. ಬಸವಕುಮಾರ ಸುಳ್ಳು ಹೇಳಲಿಲ್ಲ. “ಎಲ್ಲಾ ಕೋರ್ಟಿನ ಕಚೇರಿ ಒಂದ ಮಾಡಾಕತ್ತೀವ್ರಿ ಮಾವಾರ. ಒಂದೊಂದು ಫೈಲೂ ನನ್ನ ಕೈಯಾಗ ಹಾದ ಹೋಗತೈತಿ” ಅಂದ. ಲೈನು ಕಟ್ಟಾಯಿತೆಂದು ಇವನು ತಿಳಿದ. ರಾಯಪ್ಪನವರು ಯೋಚಿಸುತ್ತಿದ್ದರು.

ಅವರು ಯೋಚಿಸುತ್ತಿದ್ದುದು ತಮ್ಮ ಗೋಡೆಯ ಬಗ್ಗೆ. ಅವರ ಹಿತ್ತಿಲಿಗೂ ಪಕ್ಕದ ಮನೆಯ ನಾಗವ್ವನ ಹಿತ್ತಿಲಿಗೂ ನಡುವೆ ಎಂಬತ್ತು ವರ್ಷದ ಒಂದು ಕಲ್ಲು ಮಣ್ಣಿನ ಗೋಡೆ ಇತ್ತು. ನಾಗವ್ವನ ಮನೆಯವರು ಕಟ್ಟಿದ ಆ ಗೋಡೆ ತಮ್ಮ ಜಾಗದೊಳಗೆ ಎರಡು ಅಡಿ ಬಂದಿದೆಯೆಂದು ರಾಯಪ್ಪನವರ ವಾದ. ರಾಯಪ್ಪನ ಹಿರಿಯರು ಕಟ್ಟಿದ್ದು ತನ್ನ ಜಾಗದೊಳಗೆ ಎರಡು ಅಡಿ ಬಂದಿದೆಯೆಂದು ನಾಗವ್ವನ ವಾದ. ಗೋಡೆ ತನ್ನದೆಂದು ಇಬ್ಬರೂ ಒಪ್ಪುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕೇಸು ನಡೆದಿತ್ತು. ವಕೀಲರು ರಾಜಿಯ ಮಾತೆತ್ತಿದಾಗಲೆಲ್ಲ ಇಬ್ಬರೂ ವಕೀಲರನ್ನೇ ಬದಲಾಯಿಸಿದ್ದರು. ತಾರೀಖಿನ ದಿನ ಊರಿನಿಂದ ಒಂದೇ ಬಸ್ಸಿದ್ದುದರಿಂದ ವಾದಿ ಮುಂದಿನ ಸೀಟಿನಲ್ಲಿ, ಪ್ರತಿವಾದಿ ಹಿಂದಿನ ಸೀಟಿನಲ್ಲಿ ಕೂತು ಹೋಗಿ ಬರುತ್ತಿದ್ದರು.

‘ಎಲ್ಲಾ ಕೋರ್ಟು’ ಎಂದ ಮೇಲೆ ಅದರಲ್ಲಿ ತಮ್ಮ ತಾಲೂಕಿನ ಕೋರ್ಟೂ ಬಂತೆಂದು ರಾಯಪ್ಪನವರು ತೀರ್ಮಾನಿಸಿದರು. ಈಗೆಲ್ಲ ಕಂಪ್ಯೂಟರು, ಕಂಪ್ಯೂಟರಿಗೆ ಸಮುದ್ರ ಯಾವ ಲೆಕ್ಕ. ಮರುದಿನ ಬೆಳಿಗ್ಗೆ ಗೋಡೆಯ ಪಕ್ಕ ನಿಂತು, ಎಮ್ಮೆಗೆ ನೀರು ಕುಡಿಸುವ ನೆಪದಲ್ಲಿ, ತಮ್ಮ ಅಳಿಯ ಎಲ್ಲ ಕೋರ್ಟುಗಳ ಹೆಡ್ ಕ್ಲಾರ್ಕನಾಗಿರುವ, ತಾವು ಕೇಸಿನ ಸಲುವಾಗಿ ಒಮಾನಿಗೆ ಹೊರಡುವ ಸಂಗತಿಯನ್ನು ಎಮ್ಮೆಗೆ ಗಟ್ಟಿಯಾಗಿ ತಿಳಿಸಿದರು. ಆಚೆ ಕಡೆ ಕುಳ್ಳು ತಟ್ಟುತ್ತಿದ್ದ ನಾಗವ್ವ ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡು ಮಗನಿಗೆ ಫೋನು ಹಚ್ಚಿದಳು. ಅವಳ ಮಗ ಸಿದ್ದು ಮಸ್ಕತ್ತಿನ ಹಮ್ರಿಯಾದಲ್ಲಿದ್ದ, ಒಂದು ಪೈಪು ಕಂಪನಿಯಲ್ಲಿ ಟೆಕ್ನೀಷಿಯನ್. ರಾಯಪ್ಪ ಒಮಾನಿಗೆ ಹೊರಟರೆ ತಾನೂ ಹೊರಟಂತೆಯೇ ಎಂದು ಅವಳು ಮಗನಿಗೆ ತಿಳಿಸಿದಳು. ಮಗನಿಗೆ ತಿಳಿಸಿದ್ದಷ್ಟೇ, ಕೇಳಿದ್ದಲ್ಲ.

ಇತ್ತ ಬಸವಕುಮಾರನ ಹೆಸರು ಅವನಿದ್ದ ಅಲ್ ಮಬೇಲಾದಲ್ಲೂ ಏರುತ್ತಿತ್ತು. ಅವನ ಮನೆಯ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಮಮ್ಮದ್, ಉಳ್ಳಾಲ ಕಡೆಯ ಬ್ಯಾರಿ, ಮೂವತ್ತು ವರ್ಷದಿಂದ ಒಮಾನಿನಲ್ಲಿದ್ದವನು, ಆ ಫೋಟೊ ನೋಡಿದ್ದ. ಪಕ್ಕದ ಕ್ಷೌರದಂಗಡಿಯವನು ದಿನಸಿ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕುತ್ತಾನೆಂದು ಮಮ್ಮದ್ ಸಲಹೆ ಕೇಳಿದ. ಬಸವಕುಮಾರ ಹುಬ್ಬು ಗಂಟಿಕ್ಕಿ, “ಒಂದು ವಾರ ಸುಮ್ಮನಿರ್ರಿ, ಏನೂ ಮಾತಾಡಬ್ಯಾಡ್ರಿ” ಎಂದ, ಯಾಕೆಂದರೆ ಬೇರೇನೂ ಹೊಳೆಯಲಿಲ್ಲ. ನಾಲ್ಕನೆಯ ದಿನ ಕ್ಷೌರಿಕನ ಕುರ್ಚಿ ತಾನಾಗಿ ಮುರಿಯಿತು. ಆಮೇಲೆ ಬಸವಕುಮಾರನಿಗೆ ಪ್ರತಿ ಸಂಜೆ ಕೊತ್ತಂಬರಿ ಸೊಪ್ಪು ಬಿಟ್ಟಿ. ಕಟ್ಟಡದ ಇತರರೂ ಮೆಟ್ಟಿಲಲ್ಲಿ ಸಿಕ್ಕರೆ ದಾರಿ ಬಿಡತೊಡಗಿದರು. ಅವನು ಬೇಡವೆನ್ನಲಿಲ್ಲ.

ಅಪ್ಪ ಬರುವ ದಿನವೇ ನಿಜ ಹೇಳಿಬಿಡಬೇಕೆಂದು ಪ್ರತಿಮಾ ಗಂಡನಿಂದ ಮಾತು ತೆಗೆದುಕೊಂಡಳು. ನವೆಂಬರದಲ್ಲಿ ರಾಯಪ್ಪನವರು ಬಂದಿಳಿದರು. ವಿಮಾನ ನಿಲ್ದಾಣದಲ್ಲಿ ಹೇಳಬೇಕೆಂದು ಬಸವಕುಮಾರ ಬಾಯಿ ತೆರೆದ. ಮಾವ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಕಾರಿನಲ್ಲಿ ಹೇಳೋಣವೆಂದರೆ ಅವರು ‘ಸಾಹೇಬರು’ ಎನ್ನತೊಡಗಿದ್ದರು. ಊಟದ ಹೊತ್ತಿಗೆ ಹೇಳುವ ಮಾತೇ ಬೇರೆಯಾಗಿತ್ತು, ಯಾಕೆಂದರೆ ರಾಯಪ್ಪನವರು ಬ್ಯಾಗಿನಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ ಮೂರೂವರೆ ಕಿಲೋ ತೂಕದ ಕಟ್ಟೊಂದನ್ನು ತೆಗೆದು ಅನ್ನದ ಪಾತ್ರೆಯ ಪಕ್ಕ ಇಟ್ಟಿದ್ದರು. ಗೋಡೆಯ ಇಪ್ಪತ್ತೆರಡು ವರ್ಷದ ಕಾಗದಗಳು. ಜೊತೆಗೆ ಮನೆಯ ಅಸಲು ಪತ್ರಗಳೂ. ಜೆರಾಕ್ಸನ್ನು ದೊಡ್ಡ ಕಚೇರಿಯವರು ನಂಬುವುದಿಲ್ಲವೆಂದು ಅಸಲನ್ನೇ ತಂದಿದ್ದರು. ವಿಮಾನದಲ್ಲಿ ತೊಡೆಯ ಮೇಲಿಂದ ಕೆಳಗಿಳಿಸಿರಲಿಲ್ಲ. ಕಟ್ಟಿನ ಮೇಲೆ ಅಳಿಯನ ಮೊಬೈಲ್ ನಂಬರನ್ನು ದಪ್ಪಕ್ಷರದಲ್ಲಿ ಬರೆದಿದ್ದರು.

ಬಸವಕುಮಾರ ಎರಡು ದಿನ ತಳ್ಳಿದ. ಮೂರನೆಯ ಬೆಳಿಗ್ಗೆ ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಕಟ್ಟನ್ನು ಅವನ ಮುಂದಿಟ್ಟು, “ನೋಂದಣಿ ಮಾಡ್ರಿ ಅಳಿಯಂದ್ರ” ಎಂದರು. ಬಸವಕುಮಾರನಿಗೆ ಬೇರೆ ದಾರಿ ಕಾಣಲಿಲ್ಲ. ಬ್ಯಾಗಿನಿಂದ ಸ್ಟಿಕರ್ ಸುರುಳಿ ತೆಗೆದು, ಒಂದು ಹರಿದು, ಕೆಂಪು ಬಟ್ಟೆಯ ಮೇಲೆ ನೇರವಾಗಿ ಅಂಟಿಸಿದ. ನಂಬರು ನಲವತ್ತೆಂಟು ಸಾವಿರದ ನೂರ ಹದಿನೇಳು. ನೋಂದಣಿ ಆಯಿತೆಂದು ಹೇಳಿದ. ರಾಯಪ್ಪನವರು ಸ್ಟಿಕರನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಊರಿನಲ್ಲಿ ಇಷ್ಟಕ್ಕೆ ಹದಿಮೂರು ತಿಂಗಳು ಹಿಡಿದಿತ್ತು ಎಂದರು.

ಕಟ್ಟನ್ನು ಕಾರಿನ ಡಿಕ್ಕಿಯಲ್ಲಿ ಎರಡು ವಾರ ಇಟ್ಟು, ಮಾವ ಹೊರಡುವ ದಿನ ‘ಪರಿಶೀಲನೆಯಲ್ಲಿದೆ’ ಎಂದು ಹಿಂದಿರುಗಿಸುವುದು ಬಸವಕುಮಾರನ ಲೆಕ್ಕಾಚಾರ. ಆದರೆ ಅದೇ ಡಿಕ್ಕಿಯಲ್ಲಿ ಕಂಪನಿಯ ಎರಡು ಪೆಟ್ಟಿಗೆಗಳೂ ಇದ್ದವು. ಅವನು ಚಹಾ ಕುಡಿಯಲು ಹೋದಾಗ ಕೆಲಸದವರು ಡಿಕ್ಕಿ ಖಾಲಿ ಮಾಡಿದರು. ಸ್ಟಿಕರ್ ಇದ್ದದ್ದೆಲ್ಲ ಲಾರಿಗೆ, ಕೇಳುವುದು ಬೇಡ ಎಂದು ಅವರಿಗೆ ಕಲಿಸಿದ್ದವನು ಅವನೇ. ಚಹಾ ಮುಗಿಸಿ ಬರುವಾಗ ಲಾರಿ ವೃತ್ತ ದಾಟಿ ಹೋಗುತ್ತಿತ್ತು.

ಹೊಸ ಕಟ್ಟಡದ ಮೊದಲ ಮಹಡಿಯಲ್ಲಿ ಫೈಲುಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವ ವಿಭಾಗ. ಅಲ್ಲಿ ನಮ್ಮ ಕರಾವಳಿಯ ಬೋಂದೆಲ್‌ನ ಜೊವಿಟಾ ಬಾಯಿ ಹಳೆಯ ಕಚೇರಿಯ ಕಾಲ ಸೇರಿ ಹದಿನೆಂಟು ವರ್ಷದಿಂದ ಅರಬ್ಬಿ ಟೈಪಿಸ್ಟು, ಅನುವಾದವೂ ಅವರದೇ. ಬಸವಕುಮಾರ ಏದುಸಿರು ಬಿಡುತ್ತ ಬಂದಾಗ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕನ್ನಡದ ಒಂದು ಫೈಲು ಬಂದಿತ್ತು, ಓದಿ ಎರಡು ಕಡೆಯವರ ಹೆಸರು ಅರಬ್ಬಿಯಲ್ಲಿ ಟೈಪು ಮಾಡಿ, ಇಬ್ಬರನ್ನೂ ಕೂರಿಸಿ ಮಾತಾಡಿಸುವ ರಾಜಿ ಮೇಜಿಗೆ ಕಳಿಸಿಯಾಯಿತು, ಮೇಲೆ ಬರೆದ ಫೋನು ನಂಬರನ್ನೂ ಏರಿಸಿದ್ದಾಯಿತು ಎಂದು ಸಮಾಧಾನದಿಂದ ಹೇಳಿದರು.

“ಸ್ಟಿಕರ್ ಇದ್ರೆ ಟೈಪ್ ಮಾಡ್ಲಿಕ್ಕೇ ಉಂಟು. ಅದು ನಿಮ್ಮದೇ ರೂಲ್ ಅಲ್ವಾ ಮಾರಾಯ್ರೆ?”

ಅದನ್ನು ಅಳಿಸಿ ಕಟ್ಟು ಕೊಡಿ ಎಂದು ಅವನು ಅಂಗಲಾಚಿದ. ಹಳೆಯ ಕಾಲವಾಗಿದ್ದರೆ ಗುಮಾಸ್ತನ ಕಿವಿಯಲ್ಲಿ ಹೇಳಿ ಕಿಟಕಿಯಿಂದ ತೆಗೆದುಕೊಂಡು ಹೋಗಬಹುದಿತ್ತು, ಈಗ ಎಲ್ಲವೂ ಸರಕಾರದ ಒಂದೇ ವ್ಯವಸ್ಥೆ, ಕೇಸು ಮುಗಿಯುವ ತನಕ ಫೈಲು ಹೊರಗೆ ಬರುವುದಿಲ್ಲ ಎಂದು ಜೊವಿಟಾ ಬಾಯಿ ತಿಳಿಸಿದರು. ಮುಗಿಯದಿದ್ದರೆ ಎಂದು ಕೇಳಿದ. ಮೂವತ್ತು ವರ್ಷ ಭದ್ರವಾಗಿರುತ್ತದೆ ಎಂದು ಭರವಸೆ ಕೊಟ್ಟರು.

ಗುರುವಾರ ಮಧ್ಯಾಹ್ನ ಅವನ ಮೊಬೈಲಿಗೆ ಅರಬ್ಬಿಯಲ್ಲಿ ಒಂದು ಸಂದೇಶ ಬಂತು. ಮಮ್ಮದ್ ಅದನ್ನು ಅಂಗಡಿಯ ತಕ್ಕಡಿಯ ಪಕ್ಕ ನಿಂತು ಎರಡು ಸಲ ಓದಿದ. ರಾಯಪ್ಪ ಮತ್ತು ನಾಗವ್ವ ಇವರ ವ್ಯಾಜ್ಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ರಾಜಿ ಮೇಜಿನ ಮುಂದೆ ಬರುತ್ತದೆ. ಎರಡೂ ಕಡೆಯವರು ಹಾಜರಿರತಕ್ಕದ್ದು. “ಇಲ್ಲಿ ಕರೆದ್ರೆ ಹೋಗ್ಬೇಕು ಭಾಯಿ, ತಪ್ಪಿಸ್ಲಿಕ್ಕೆ ಆಗುದಿಲ್ಲ” ಎಂದು ಸೇರಿಸಿ, ಆ ದಿನದ ಕೊತ್ತಂಬರಿ ಕೊಡಲು ಮರೆತ.

ಪ್ರತಿಮಾಗೆ ಹೇಳಿದಾಗ ಅವಳು ನಗುತ್ತ ನಗುತ್ತ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮನೆಯ ಅಸಲು ಪತ್ರ ಅದರೊಳಗೇ ಇದೆಯೆಂಬುದು ನೆನಪಾಗಿ ಎದ್ದಳು. ಈಗಲಾದರೂ ಅಪ್ಪನಿಗೆ ಎಲ್ಲವನ್ನೂ ಹೇಳು ಎಂದಳು. ಬಸವಕುಮಾರ ಹೋಗಿ ಅದರಲ್ಲಿ ಚೆನ್ನಾಗಿದ್ದ ಅರ್ಧವನ್ನು ಮಾತ್ರ ಹೇಳಿದ. ನೋಂದಣಿಯಾದ ವಾರದೊಳಗೆ ತಾರೀಖು ಬಂದದ್ದನ್ನು ಕೇಳಿ ರಾಯಪ್ಪನವರು ಕುರ್ಚಿಯಿಂದ ಎದ್ದು ನಿಂತರು. “ಅಳಿಯಂದ್ರ, ನಿಮ್ಮನ್ನ ಇಷ್ಟ ದಿನ ನಾ ತಿಳಕೊಂಡಿದ್ದಿಲ್ಲ” ಅಂದರು. ಅದು ಹೊಗಳಿಕೆಯೆಂದು ಗೊತ್ತಿದ್ದೂ ಬಸವಕುಮಾರ ಅವರ ಮುಖ ನೋಡದೆ ಕಾರಿನ ಕೀಲಿ ಹುಡುಕತೊಡಗಿದ.

ಇನ್ನು ಉಳಿದದ್ದು ಪ್ರತಿವಾದಿ. ನಾಗವ್ವ ಮೂರು ದಿನ ಹಿಂದಷ್ಟೇ ಹಮ್ರಿಯಾದ ಮಗನ ಮನೆಗೆ ಬಂದಿಳಿದಿದ್ದಳು. ಶುಕ್ರವಾರ ಬಸವಕುಮಾರ ಅಲ್ಲಿಗೆ ಹೋದಾಗ ಸಿದ್ದು ಅವನನ್ನು ಬಾಗಿಲಲ್ಲೇ ತಬ್ಬಿಕೊಂಡು ಕ್ಷಮೆ ಕೇಳಿದ, ಇವನೂ ಅವನ ಕ್ಷಮೆ ಕೇಳಿದ. ಒಳಗೆ ನಾಗವ್ವ ಮಂಚದ ಮೇಲೆ ಕಾಲು ಮಡಿಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ರಾಯಪ್ಪನ ಅಳಿಯನ ಕೋರ್ಟಿಗೆ ತಾನೇಕೆ ಬರಬೇಕು, ಅಲ್ಲಿ ತನಗೆ ಮಾತಾಡಲು ಬಿಡುತ್ತಾರೆಯೇ ಎಂದು ಕೇಳಿದಳು. ಬಸವಕುಮಾರ ಫೋನಿನಲ್ಲಿದ್ದ ಸಂದೇಶ ತೋರಿಸಿದ. ಅದರಲ್ಲಿ ತನ್ನ ಹೆಸರೆಲ್ಲಿದೆ ಎಂದಳು. ಸಿದ್ದು ಬೆರಳಿಟ್ಟು ತೋರಿಸಿದ. ಬಲಗಡೆಯಿಂದ ಬಳ್ಳಿಯ ಹಾಗೆ ಹರಿದಿದ್ದ ಆ ಅಕ್ಷರಗಳನ್ನು ಅವಳು ಬಹಳ ಹೊತ್ತು ನೋಡಿದಳು. ಊರಿನ ಕೋರ್ಟಿನ ಕಾಗದಗಳಲ್ಲಿ ತನ್ನನ್ನು ಯಾವಾಗಲೂ ‘ಒಂದನೇ ಪ್ರತಿವಾದಿ’ ಎಂದೇ ಬರೆದಿದ್ದರು, ಇಲ್ಲಿಯವರು ಹೆಸರು ಬರೆದಿದ್ದಾರೆ ಎಂದಳು. ಬರಲು ಒಪ್ಪಿದಳು. ಕಾರು ಮನೆ ಬಾಗಿಲಿಗೆ ಬರಬೇಕು ಎಂಬ ಒಂದು ಷರತ್ತಿನ ಮೇಲೆ.

ಹೀಗಾಗಿ ಭಾನುವಾರ ಬೆಳಿಗ್ಗೆ ಬಸವಕುಮಾರ ಮಬೇಲಾದಿಂದ ವಾದಿಯನ್ನು ಕೂರಿಸಿಕೊಂಡು ಹಮ್ರಿಯಾಕ್ಕೆ ಹೋಗಿ, ಪ್ರತಿವಾದಿಯನ್ನು ಹತ್ತಿಸಿಕೊಂಡು, ಬಂದ ದಾರಿಯಲ್ಲೇ ಸೀಬ್‌ಗೆ ಓಡಿಸಿದ. ರಾಯಪ್ಪನವರು ಮುಂದೆ, ನಾಗವ್ವ ಹಿಂದೆ. ಅಭ್ಯಾಸವಾದ ಜಾಗಗಳು. ಒಂದು ಗಂಟೆಯಲ್ಲಿ ನಡೆದ ಮಾತು ಒಂದೇ. ಏಸಿ ಕಡಿಮೆ ಮಾಡಲು ಹೇಳು ಎಂದು ನಾಗವ್ವ ಕಾರಿಗೆ ಹೇಳಿದಳು; ಚಳಿಯಾದರೆ ಸೆರಗು ಹೊದೆಯಲಿ ಎಂದು ರಾಯಪ್ಪನವರು ರಸ್ತೆಗೆ ಹೇಳಿದರು.

ರಾಜಿ ಮೇಜಿನ ಅಧಿಕಾರಿಯ ಹೆಸರು ಖಲ್ಫಾನ್. ದಿಶ್ದಾಶ ಎಂಬ ಬಿಳಿ ನಿಲುವಂಗಿ, ಕಸೂತಿಯ ಟೊಪ್ಪಿ, ನರೆತ ಗಡ್ಡ. ರುಸ್ತಾಕ್ ಕಡೆಯ ಚಿಕ್ಕ ಕಚೇರಿ ಮುಚ್ಚಿದ ಮೇಲೆ ಅವರನ್ನು ಇಲ್ಲಿಗೆ ವರ್ಗ ಮಾಡಿದ್ದರು. ಮಸ್ಕತ್ತಿನವರಂತೆ ಅವರಿಗೆ ಹಿಂದಿ ಬರುತ್ತಿರಲಿಲ್ಲ. ಇಂಗ್ಲಿಷೂ ‘ವೆಲ್‌ಕಮ್’ಗೇ ಮುಗಿಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಅದು ಅವರ ಮೇಜಿನ ಮೊದಲ ದಿನ. ಮನೆಯಿಂದ ಫ್ಲಾಸ್ಕಿನಲ್ಲಿ ಕಹ್ವಾ ಕಾಫಿ, ತಟ್ಟೆಯಲ್ಲಿ ಖರ್ಜೂರ ತಂದಿಟ್ಟುಕೊಂಡು ಕೂತಿದ್ದರು. ಮೇಲಧಿಕಾರಿಗಳು ಆಗಲೇ ಎರಡು ಸಲ ಬಂದು ಖಾಲಿ ಕುರ್ಚಿಗಳನ್ನು ನೋಡಿ ಹೋಗಿದ್ದರು. ಇಬ್ಬರು ವೃದ್ಧರು ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ನೋಡದೆ ಗೊಣಗುತ್ತ ಬರುವುದನ್ನು ಕಂಡು ಖಲ್ಫಾನರ ಮುಖ ಅರಳಿತು. ಎದ್ದು ಬಂದು ಕೈ ಹಿಡಿದು ಕೂರಿಸಿದರು.

ಜೊವಿಟಾ ಬಾಯಿ ಮಧ್ಯಾಹ್ನದವರೆಗೆ ತರಬೇತಿಯಲ್ಲಿದ್ದರು. ಅನುವಾದ ಬಸವಕುಮಾರನ ಪಾಲಿಗೆ ಬಂತು. ಅವನಿಗೆ ಬರುವ ಅರಬ್ಬಿ ಗೋದಾಮಿನದು: ಎತ್ತು, ಇಳಿಸು, ಮೇಲೆ, ಕೆಳಗೆ, ಎರಡು, ನೂರು, ಮನೆ, ಮಳೆ, ಇಂಥವು. ಗೋಡೆಗೆ ಏನೆನ್ನುತ್ತಾರೆ ಎಂಬುದನ್ನು ನೆನಪಿಸಿಕೊಂಡ. ಪೆಟ್ಟಿಗೆಗಳು ಗೋಡೆಗೆ ತಾಗಬಾರದೆಂದು ಗೋದಾಮಿನವರು ದಿನಾ ಕೂಗುತ್ತಿದ್ದರಲ್ಲ. ‘ಜ’ ಎಂದು ಶುರುವಾಗುತ್ತಿತ್ತು. ಗೋಡೆಗೆ ಜಿದಾರ್ ಎನ್ನುತ್ತಾರೆ. ಬಸವಕುಮಾರನ ಬಾಯಲ್ಲಿ ಬಂದದ್ದು ಜದ್. ಜದ್ ಎಂದರೆ ಅಜ್ಜ.

ರಾಯಪ್ಪನವರು ಎದ್ದು ನಿಂತು, ಕೈ ಮುಗಿದು, ಗೋಡೆ ತಮ್ಮ ಜಾಗದೊಳಗೆ ಎರಡು ಅಡಿ ಬಂದಿದೆ, ಅದು ಇವರದು, ತಮ್ಮದಲ್ಲ ಎಂದು ನಿವೇದಿಸಿದರು. ಅಜ್ಜ ಮನೆಯೊಳಗೆ ಎರಡು ಅಡಿ ಬಂದಿದ್ದಾನೆ, ನಮ್ಮವನಲ್ಲ ಎಂದು ಖಲ್ಫಾನ್ ಕೇಳಿಸಿಕೊಂಡರು. ಅವರು ನಾಗವ್ವನ ಕಡೆ ತಿರುಗಿದರು. ತಮ್ಮದೂ ಅಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಖಲ್ಫಾನ್ ಗಡ್ಡ ನೀವಿಕೊಂಡು, ಎಷ್ಟು ವಯಸ್ಸು ಎಂದು ಕೇಳಿದರು. ಎಂಬತ್ತು. ಎಲ್ಲಿರುತ್ತಾನೆ? ಹಿತ್ತಿಲಲ್ಲಿ, ಹೊರಗೆ. ಮಳೆ ಬಂದರೆ? ನೆನೆಯುತ್ತದೆ, ಎರಡೂ ಕಡೆ ಸೋರುತ್ತದೆ. ಖಲ್ಫಾನ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಆ ವಯಸ್ಸಿನಲ್ಲಿ ಅದು ಸಹಜ ಎಂಬಂತೆ. ಕೂರಲು ಏನಾದರೂ ವ್ಯವಸ್ಥೆ ಮಾಡಿದ್ದೀರಾ ಎಂದು ಕೇಳಿದರು. ಬಸವಕುಮಾರ ಅದನ್ನು ‘ಗೋಡೆ ಕೂತಿದೆಯೇ’ ಎಂದು ದಾಟಿಸಿದ. ರಾಯಪ್ಪನವರಿಗೆ ಅಭಿಮಾನವೇ ಕೆರಳಿತು. “ಕೂಡೂದು ಏನ್ರಿ? ಎಂಬತ್ತು ವರ್ಷ ಆತು, ನಿಂತದ್ದು ನಿಂತಂಗ ಐತಿ” ಎಂದರು.

ಎಂಬತ್ತು ವರ್ಷದಿಂದ ನಿಂತೇ ಇದ್ದಾನೆ ಎಂಬುದನ್ನು ಕೇಳಿ ಖಲ್ಫಾನ್ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಕೊನೆಗೆ, ನಿಮ್ಮ ಕೋರಿಕೆಯೇನು ಎಂದು ಮೆಲ್ಲಗೆ ಕೇಳಿದರು. ಒಡೆಯಬೇಕು ಎಂದರು ರಾಯಪ್ಪನವರು. ಒಡೆಯುವುದಕ್ಕೆ ಬಸವಕುಮಾರನಿಗೆ ಶಬ್ದ ಗೊತ್ತಿರಲಿಲ್ಲ. ಎರಡೂ ಕೈ ಎತ್ತಿ ಹಾರೆಯಿಂದ ಕುಟ್ಟುವುದನ್ನು ಮಾಡಿ ತೋರಿಸಿದ. ಖಲ್ಫಾನರ ಕೈಯಿಂದ ಕಹ್ವಾದ ಬಟ್ಟಲು ಜಾರಿ ಖರ್ಜೂರದ ತಟ್ಟೆಯೊಳಗೆ ಬಿತ್ತು.

ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಮೊದಲು ದನಿ ಗಟ್ಟಿಯಾಗಿತ್ತು, ಬರಬರುತ್ತ ಸಣ್ಣದಾಯಿತು. ತಮ್ಮನ್ನು ಸಾಕಿದ ಅಜ್ಜನ ಬಗ್ಗೆ ಹೇಳುತ್ತಿದ್ದರು: ರುಸ್ತಾಕಿನಲ್ಲಿ ನೀರಿನ ಕಾಲುವೆಯ ಪಕ್ಕ ಅವರನ್ನು ದಿನಾ ಬಿಸಿಲಿಗೆ ಕೂರಿಸುತ್ತಿದ್ದದ್ದು, ಹೋದ ವರ್ಷ ಅವರು ತೀರಿಕೊಂಡದ್ದು, ಕೊನೆಯ ದಿನಗಳಲ್ಲಿ ಈ ವರ್ಗಾವಣೆಯ ಗಡಿಬಿಡಿಯಲ್ಲಿ ತಾವು ಹತ್ತಿರ ಇರಲಾಗದೆ ಹೋದದ್ದು. ಕಣ್ಣಲ್ಲಿ ನೀರು ಬಂತು. ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು.

ಬಸವಕುಮಾರನಿಗೆ ತಿಳಿದದ್ದು ರುಸ್ತಾಕ್, ನೀರು, ಹೋದ ವರ್ಷ, ಮತ್ತೆ ಮತ್ತೆ ಜದ್. ಅವನು ಬಗ್ಗಿ ಮಾವನಿಗೂ ನಾಗವ್ವನಿಗೂ ವಿವರಿಸಿದ. ಸಾಹೇಬರಿಗೂ ಊರಿನಲ್ಲಿ ಒಂದು ಗೋಡೆ ಇತ್ತಂತೆ, ಕಾಲುವೆಯ ಪಕ್ಕ. ಹೋದ ವರ್ಷ ಬಿದ್ದುಹೋಯಿತಂತೆ. ಇರುವ ತನಕ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಸಂಕಟಪಡುತ್ತಿದ್ದಾರೆ.

ಗೋಡೆಗಾಗಿ ಅಳುವ ಅಧಿಕಾರಿಯನ್ನು ಇಪ್ಪತ್ತೆರಡು ವರ್ಷಗಳಲ್ಲಿ ಅವರಿಬ್ಬರೂ ನೋಡಿರಲಿಲ್ಲ. ಕೋರ್ಟಿನಲ್ಲಿ ಯಾರೂ ಆ ಗೋಡೆಯ ಅಳತೆ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಈ ಮನುಷ್ಯ ಅದು ಮಳೆಯಲ್ಲಿ ಏನು ಮಾಡುತ್ತದೆ ಎಂದು ಕೇಳಿದ್ದ. ನಾಗವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳು ರಾಯಪ್ಪನವರನ್ನು ನೇರವಾಗಿ ಮಾತಾಡಿಸಿ ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

“ರಾಯಪ್ಪಣ್ಣ, ಈ ಮನಷ್ಯಾ ಅಳಾಕತ್ತಾನ. ನಮ್ಮದು ಇನ್ನಾ ನಿಂತೈತಿ. ಇಬ್ಬರೂ ಕೂಡಿ ಅದನ್ನ ನೋಡ್ಕೊಳ್ಳೂಣು, ಬಿಡು.”

ರಾಯಪ್ಪನವರು ಮೇಜಿನ ಮೇಲಿದ್ದ ಕೆಂಪು ಕಟ್ಟನ್ನು ನೋಡಿದರು. ಅದು ಇಲ್ಲದಿದ್ದರೆ ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಎಲ್ಲಿಗೆ ಹೋಗಬೇಕೆಂಬ ದಿಗಿಲು ಅವರ ಮುಖದಲ್ಲಿ ಕಾಣುತ್ತಿತ್ತು. ಮತ್ತೆ ಖಲ್ಫಾನರನ್ನು ನೋಡಿದರು. “ಆತು ಅಕ್ಕಾ” ಎಂದರು.

ಜದ್ದನ್ನು ಇಬ್ಬರೂ ನೋಡಿಕೊಳ್ಳುತ್ತಾರೆ ಎಂದು ಬಸವಕುಮಾರ ತನ್ನ ಅರಬ್ಬಿಯಲ್ಲಿ ಹೇಳಿದ್ದೇ ತಡ, ಖಲ್ಫಾನ್ ಎದ್ದು ಬಂದು ರಾಯಪ್ಪನವರ ಹಣೆಗೆ ಮುತ್ತಿಟ್ಟರು. ನಾಗವ್ವನ ಮುಂದೆ ಎದೆಯ ಮೇಲೆ ಕೈಯಿಟ್ಟು ಬಾಗಿದರು. ತಾವೇ ಕೂತು ಅರಬ್ಬಿಯಲ್ಲಿ ಒಪ್ಪಂದ ಟೈಪು ಮಾಡಿದರು. ರಾಯಪ್ಪನವರು ಸಹಿ ಹಾಕಿದರು, ನಾಗವ್ವ ಹೆಬ್ಬೆಟ್ಟು ಒತ್ತಿದಳು, ಸರಕಾರದ ಮುದ್ರೆ ಬಿತ್ತು. ಹೊಸ ವ್ಯವಸ್ಥೆಯಲ್ಲಿ ಇತ್ಯರ್ಥವಾದ ಮೊಟ್ಟಮೊದಲ ಕೇಸೆಂದು ಮೇಲಧಿಕಾರಿಗಳು ಬಂದು ಎಲ್ಲರ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಕೇಸು ಮುಗಿದುದರಿಂದ ಕೆಂಪು ಕಟ್ಟು ಅಸಲು ಪತ್ರಗಳ ಸಮೇತ ಅಲ್ಲೇ ರಾಯಪ್ಪನವರ ಕೈ ಸೇರಿತು. ಬಸವಕುಮಾರ ಅದನ್ನು ಮುಟ್ಟಲಿಲ್ಲ.

ಒಪ್ಪಂದದಲ್ಲಿ ಏನಿದೆಯೆಂದು ತಿಳಿಯಬೇಕಲ್ಲ. ಮಧ್ಯಾಹ್ನ ಎಲ್ಲರೂ ಮಮ್ಮದನ ಅಂಗಡಿಯ ಮುಂದೆ ಇಳಿದರು. ಪ್ರತಿಮಾ ಕೆಳಗೆ ಬಂದಳು. ಮಮ್ಮದ್ ಕನ್ನಡಕ ಏರಿಸಿ ಒಂದೊಂದೇ ಕಲಮನ್ನು ಕನ್ನಡಕ್ಕೆ ತಿರುಗಿಸಿದ. ಒಂದನೆಯದು, ಅಜ್ಜ ಎರಡೂ ಮನೆಗಳಿಗೆ ದೇವರು ಒಪ್ಪಿಸಿದ ಹೊಣೆ. ಎರಡನೆಯದು, ಅಜ್ಜನನ್ನು ಯಾರೂ ಕುಟ್ಟತಕ್ಕದ್ದಲ್ಲ, ನೂಕತಕ್ಕದ್ದಲ್ಲ. ಮೂರನೆಯದು, ಎರಡೂ ಮನೆಯವರು ದಿನಾ ಬೆಳಿಗ್ಗೆ ಅಜ್ಜನಿಗೆ ವಂದಿಸಿ ಕ್ಷೇಮ ಕೇಳತಕ್ಕದ್ದು. 

ನಾಲ್ಕನೆಯದಕ್ಕೆ ಬಂದಾಗ ಮಮ್ಮದ್ ತಡೆದ. ಮಳೆಗಾಲದಲ್ಲಿ ಅಜ್ಜ ನೆನೆಯದಂತೆ ಹೊದೆಸತಕ್ಕದ್ದು ಎಂದು ಓದಿ, ಕಾಗದ ಇಳಿಸಿ, “ಯಾರ್ ಭಾಯಿ ಈ ಅಜ್ಜ?” ಎಂದು ಕೇಳಿದ.

ಮಮ್ಮದನಿಗೇ ಅನುಮಾನ ಬಂದು, ಗೋಡೆಗೆ ಅರಬ್ಬಿಯಲ್ಲಿ ಏನು ಹೇಳಿದಿರಿ ಎಂದು ಬಸವಕುಮಾರನನ್ನು ಕೇಳಿದ. ಇವನು ಹೇಳಿದ. ಮಮ್ಮದ್ ಅಕ್ಕಿ ಚೀಲದ ಮೇಲೆ ಕೂತುಕೊಂಡ. ಬಸವಕುಮಾರನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ತಾನು ಹೆಡ್ ಕ್ಲಾರ್ಕನಲ್ಲ, ಅಧಿಕಾರಿಯಲ್ಲ, ಕೋರ್ಟಿನವನೇ ಅಲ್ಲ, ಕಂಪನಿಯಲ್ಲಿ ಸ್ಟಿಕರ್ ಅಂಟಿಸುವವನು, ನೋಂದಣಿಯೂ ಸುಳ್ಳು, ಫೈಲು ಲಾರಿ ಹತ್ತಿದ್ದೂ ಅಕಸ್ಮಾತ್ತು ಎಂದು ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿ ತಲೆ ತಗ್ಗಿಸಿ ನಿಂತ. ಮೊದಲು ನಕ್ಕವಳು ನಾಗವ್ವ. ಬೊಚ್ಚುಬಾಯಿ ತೆರೆದು, ಎದೆ ಹಿಡಿದುಕೊಂಡು, ‘ನಿಂತದ್ದು ನಿಂತಂಗ ಐತಿ’ ಎಂದು ರಾಯಪ್ಪನವರ ದನಿಯಲ್ಲೇ ಹೇಳಿ ಮತ್ತೆ ನಕ್ಕಳು. ಪ್ರತಿಮಾಗೆ ಕೂರಲು ಈ ಸಲ ಈರುಳ್ಳಿ ಬುಟ್ಟಿ ಸಿಕ್ಕಿತು.

ರಾಯಪ್ಪನವರು ನಗಲಿಲ್ಲ. ಕಾಗದವನ್ನು ಇಸಿದುಕೊಂಡು ಮುದ್ರೆಯನ್ನು ನೋಡುತ್ತ ನಿಂತಿದ್ದರು. ಹಿರಿಯ ಅಳಿಯ ಒಂಬತ್ತು ವರ್ಷದಿಂದ ‘ಮಾಡಸ್ತೀನಿ’ ಅನ್ನುತ್ತಲೇ ಇದ್ದಾನೆ, ಅಷ್ಟು ದೊಡ್ಡ ಕಚೇರಿ ಇಟ್ಟುಕೊಂಡು ಅವನಿಂದ ಆಗಿಲ್ಲ, ಈತ ಒಂದು ಸ್ಟಿಕರಿನಲ್ಲಿ ಮುಗಿಸಿದ ಎಂದು ಮಮ್ಮದನಿಗೆ ಹೇಳಿದರು. ಆಮೇಲೆ ನಾಗವ್ವನನ್ನು ಕೇಳಿದರು, ಕಾಗದದಲ್ಲಿ ಅಜ್ಜ ಎಂದಿದ್ದರೆ ತಮಗೇನೂ ಅಡ್ಡಿಯಿಲ್ಲ, ಅವಳಿಗೆ? ಹೆಬ್ಬೆಟ್ಟು ಒತ್ತಿಯಾದ ಮೇಲೆ ಅಡ್ಡಿ ಎಲ್ಲಿಯದು ಎಂದಳು ಅವಳು. ಮರುವಾರ ಇಬ್ಬರೂ ಒಂದೇ ವಿಮಾನದಲ್ಲಿ ಊರಿಗೆ ಹೋದರು. ಅಲ್ಲಿಯ ಕೋರ್ಟಿನಲ್ಲಿ ಜಂಟಿ ಅರ್ಜಿ ಕೊಟ್ಟು ಕೇಸನ್ನು ಹಿಂದಕ್ಕೆ ತೆಗೆದುಕೊಂಡರು. ವಕೀಲರು ರಾಜಿಯ ಕಾರಣ ಕೇಳಿದಾಗ ಅರಬ್ಬಿ ಕಾಗದ ತೋರಿಸಿದರಂತೆ; ಅವರು ಎದ್ದು ನಿಂತು ಎರಡೂ ಕೈಯಲ್ಲಿ ಇಸಿದುಕೊಂಡರಂತೆ.

ಆದರೆ ಬಸವಕುಮಾರನ ಪಾಡು ಮುಗಿಯಲಿಲ್ಲ. ಖಲ್ಫಾನ್ ಪ್ರತಿ ಭಾನುವಾರ ಅವನನ್ನು ಕಂಡಾಗ ಹೆಗಲ ಮೇಲೆ ಕೈಯಿಟ್ಟು ಅಜ್ಜ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾರೆ ಎಂದು ಇವನು ತಿಂಗಳುಗಟ್ಟಲೆ ಹೇಳಿದ. ಜುಲೈಯಲ್ಲಿ, ಅಲ್ಲಿ ಈಗ ಮಳೆಯಲ್ಲವೇ, ಅಜ್ಜನದೊಂದು ಫೋಟೊ ತೋರಿಸು ಎಂದು ಅವರು ಪಟ್ಟು ಹಿಡಿದರು. ಊರಿಗೆ ಫೋನು ಮಾಡಿದರೆ ರಾಯಪ್ಪನವರು ತಕ್ಷಣ ಕಳಿಸಿದರು. ಗೋಡೆಗೆ ಉದ್ದಕ್ಕೂ ಹೊಸ ಗಾರೆ, ಮೇಲೆ ಮಳೆಗೆ ಹೊದೆಸಿದ ನೀಲಿ ತಾಡಪತ್ರಿ. ಒಂದು ಪಕ್ಕ ಅವರು, ಇನ್ನೊಂದು ಪಕ್ಕ ನಾಗವ್ವ, ಇಬ್ಬರೂ ಗೋಡೆಗೆ ಕೈ ಮುಗಿದಿದ್ದರು.

ಖಲ್ಫಾನ್ ಫೋಟೊವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಫೋನು ತಿರುಗಿಸಿ ನೋಡಿದರು. ಅಜ್ಜ ಎಲ್ಲಿ ಎಂದು ಕೇಳಿದರು. ಬಸವಕುಮಾರ ಬೆರಳನ್ನು ಗೋಡೆಯ ಮೇಲಿಟ್ಟ. ಅವರಿಗೆ ಅರ್ಥವಾಗದೆ ಜೊವಿಟಾ ಬಾಯಿಯನ್ನು ಕರೆಸಿದರು. ಬಸವಕುಮಾರ ಕನ್ನಡದಲ್ಲಿ ಒಪ್ಪಿಕೊಂಡ, ಜೊವಿಟಾ ಬಾಯಿ ಅರಬ್ಬಿಯಲ್ಲಿ ದಾಟಿಸಿದರು. ನಡುವೆ ಎರಡು ಸಲ ನಗು ಬಂದು ಅವರಿಗೇ ಮಾತು ಮುಂದುವರಿಸಲಾಗಲಿಲ್ಲ. ಖಲ್ಫಾನ್ ಅಲುಗಾಡದೆ ಕೇಳಿದರು. ಬಸವಕುಮಾರ ತನ್ನ ವೀಸಾ ರದ್ದಾಗುವುದನ್ನೂ ಪ್ರತಿಮಾ ಸಾಮಾನು ಕಟ್ಟುವುದನ್ನೂ ಕಣ್ಣೆದುರು ಕಂಡ.

ಮುಚ್ಚಿದ ಕೇಸನ್ನು ಖಲ್ಫಾನ್ ಕಂಪ್ಯೂಟರಿನಲ್ಲಿ ತೆರೆಯಲು ನೋಡಿದರು. ಹೊಸ ವ್ಯವಸ್ಥೆ ಬಿಡಲಿಲ್ಲ. ಅವರು ಒಮ್ಮೆ ಫೋಟೊದಲ್ಲಿ ಕೈ ಮುಗಿದು ನಿಂತವರನ್ನು ನೋಡಿದರು, ಜೊವಿಟಾ ಬಾಯಿಗೆ ಏನೋ ಹೇಳಿದರು.

“ಈಗಲೂ ಅಜ್ಜ ಸೋರ್ತಾರಾ ಅಂತ ಕೇಳ್ತಾರೆ” ಎಂದರು ಜೊವಿಟಾ ಬಾಯಿ.

ಇಲ್ಲ ಎಂದು ಬಸವಕುಮಾರ ತಲೆಯಾಡಿಸಿದ.

“ಖಲಾಸ್” ಎಂದು ಖಲ್ಫಾನ್ ಕಂಪ್ಯೂಟರ್ ಮುಚ್ಚಿ, ಅವನಿಗೊಂದು ಬಟ್ಟಲು ಕಹ್ವಾ ಬಗ್ಗಿಸಿದರು.